ಅರ್ಜಿ ನಡೆದು ಬಂದ ದಾರಿ: ಉಮೇದುವಾರರ ತಪ್ಪುಗಳು ಮತ್ತು ಇತಿಹಾಸದ ಪಾಠ

ಪ್ರತಿ ವರ್ಷ ಫಲಿತಾಂಶ ಬರುವ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳು ಶಾಲೆಯ ಕಡೆ ಬರುವುದು ರೂಢಿ. ಕೆಲವರು ಮಿಠಾಯಿ ಹಿಡಿದು ಬರುತ್ತಾರೆ, ಇನ್ನು ಕೆಲವರು ಕಾಗದ ಹಿಡಿದು ಬರುತ್ತಾರೆ. "ಸರ್, ಬಯೋಡಾಟಾ ಮಾಡಿಸಿದ್ದೇನೆ, ಒಮ್ಮೆ ನೋಡಿಕೊಡಿ" ಎನ್ನುತ್ತಾರೆ. ಬಂದವನು ಭಟ್ಕಳದ ಹುಡುಗನಿರಲಿ, ಹೊನ್ನಾವರದ ಹುಡುಗಿಯಿರಲಿ, ಕುಮಟಾದಲ್ಲಿ ಡಿಗ್ರಿ ಮುಗಿಸಿದವನಿರಲಿ, ಆ ಕಾಗದ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೇಲೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ವಾಕ್ಯ. ಅದರ ಅರ್ಥ ಕೇಳಿದರೆ ಬರೆದವರಿಗೇ ಗೊತ್ತಿರುವುದಿಲ್ಲ. ಮೊದಲ ಸಾಲಿನಲ್ಲಿ ಹೆಸರಿನ ಕಾಗುಣಿತ ಒಂದು ರೀತಿ, ಕೊನೆಯ ಸಹಿಯಲ್ಲಿ ಇನ್ನೊಂದು ರೀತಿ. ಹವ್ಯಾಸಗಳ ಜಾಗದಲ್ಲಿ ಓದುವುದು, ಕ್ರಿಕೆಟ್ ಆಡುವುದು. ಯಾವ ಪುಸ್ತಕ ಓದಿದ್ದೀಯಪ್ಪಾ ಎಂದರೆ ಮುಗುಳ್ನಗೆಯೇ ಉತ್ತರ.

ನಮ್ಮ ಸಂಸ್ಥೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಬೇಕೆಂದಾಗ ಈ ಕಾಗದಗಳೇ ನನ್ನ ಕಣ್ಣ ಮುಂದೆ ಬಂದವು. ಬಯೋಡಾಟಾ ಬರೆಯುವ ಕ್ರಮವನ್ನು ಹೇಳುವ ಪುಸ್ತಕಗಳು ಸಾಕಷ್ಟಿವೆ. ಆದರೆ ನಮ್ಮ ಮಕ್ಕಳು ಇಂದು ಮಾಡುತ್ತಿರುವ ತಪ್ಪುಗಳು ಹೊಸವಲ್ಲ. ಕೆಲಸ ಕೇಳುವವನು ಮತ್ತು ಕೆಲಸ ಕೊಡುವವನು ಇರುವ ಕಾಲದಿಂದಲೂ ಅವು ಇವೆ. ಅವುಗಳ ಬೆಲೆ ಎಷ್ಟೆಂಬುದನ್ನು ಇತಿಹಾಸ ನಮಗಿಂತ ಚೆನ್ನಾಗಿ ಹೇಳುತ್ತದೆ.

ಪದಗಳೇ ಹೇಳುವ ಕಥೆ

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಒಂದು ಸಂಗತಿ ಯಾವಾಗಲೂ ಸಂತೋಷ ಕೊಡುತ್ತದೆ. ಕನ್ನಡದ ಕಚೇರಿ ಪದಗಳಲ್ಲಿ ಅನೇಕವು ಅರಬ್ಬಿ, ಪಾರಸಿಗಳಿಂದ ಬಂದು ಇಲ್ಲಿಯವೇ ಆಗಿಬಿಟ್ಟಿವೆ. ನಾವು ಬರೆಯುವ 'ಅರ್ಜಿ' ಅರಬ್ಬಿಯ 'ಅರ್ಜ್' ಎಂಬ ಪದದಿಂದ ಬಂದಿದೆ. ಒಬ್ಬರ ಮುಂದೆ ತಂದು ಇಡುವುದು, ನಿವೇದಿಸುವುದು ಎಂದು ಅದರ ಅರ್ಥ. 'ಉಮೇದುವಾರ' ಎಂದರೆ ಪಾರಸಿಯಲ್ಲಿ ಉಮ್ಮೀದ್ ಇಟ್ಟುಕೊಂಡವನು, ಅಂದರೆ ಆಸೆಯಿಂದ ಕಾದಿರುವವನು. 'ಶಿಫಾರಸು' ಪಾರಸಿಯದು, 'ನಕಲು' ಅರಬ್ಬಿಯದು.

ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು 'ಸಹಿ' ಎಂಬ ಪದ. ಇದು ಅರಬ್ಬಿಯ 'ಸಹೀಹ್'. ಸರಿಯಾದದ್ದು, ದೋಷವಿಲ್ಲದ್ದು ಎಂದು ಅದರ ಅರ್ಥ. ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹವನ್ನು ಸಹೀಹ್ ಎಂದು ಕರೆಯುವುದು ಇದೇ ಪದದಿಂದ. ಹಳೆಯ ಕಾಲದಲ್ಲಿ ದಸ್ತಾವೇಜಿನ ಕೊನೆಯಲ್ಲಿ 'ಸಹೀಹ್' ಎಂದು ಗುರುತು ಹಾಕಿದರೆ, ಮೇಲೆ ಬರೆದಿರುವುದು ಸರಿಯಾಗಿದೆ ಎಂದು ಒಪ್ಪಿದಂತೆ. ಕಾಲಾಂತರದಲ್ಲಿ ಆ ಗುರುತೇ ರುಜು ಆಯಿತು. ಆದ್ದರಿಂದ ಬಯೋಡಾಟಾದ ಕೆಳಗೆ ಸಹಿ ಹಾಕುವಾಗ ನಾವು ಹೆಸರು ಗೀಚುತ್ತಿಲ್ಲ. ಮೇಲಿನದೆಲ್ಲ ಸತ್ಯ ಎಂದು ಸಾಕ್ಷಿ ಹೇಳುತ್ತಿದ್ದೇವೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತಿನ ಸಾರ ಇದರಲ್ಲೇ ಇದೆ.

ಹಜ್ರತ್ ಯೂಸುಫ್(ಅ)ರ ಮಾದರಿ

ಕೆಲಸ ಕೇಳುವ ರೀತಿಯನ್ನು ಕುರ್‌ಆನ್ ಒಂದು ಕಥೆಯ ಮೂಲಕವೇ ಕಲಿಸಿದೆ. ಸೂರಃ ಯೂಸುಫ್ ನಮ್ಮ ಮಕ್ಕಳಿಗೆಲ್ಲ ಪರಿಚಿತ. ಈಜಿಪ್ಟಿನ ರಾಜನ ಕನಸಿನ ಅರ್ಥ ಹೇಳಿದ ಮೇಲೆ ಯೂಸುಫ್(ಅ)ರಿಗೆ ಸೆರೆಮನೆಯಿಂದ ಬಿಡುಗಡೆಯ ಕರೆ ಬರುತ್ತದೆ. ಅವರು ಕೂಡಲೇ ಹೊರಡುವುದಿಲ್ಲ. ತಮ್ಮ ಮೇಲೆ ಹೊರಿಸಿದ ಆರೋಪದ ಬಗ್ಗೆ ಮೊದಲು ವಿಚಾರಣೆಯಾಗಲಿ ಎನ್ನುತ್ತಾರೆ. ಆರೋಪ ಸುಳ್ಳೆಂದು ಸಾಬೀತಾದ ಮೇಲೆಯೇ ರಾಜನ ಎದುರು ನಿಲ್ಲುತ್ತಾರೆ. ನಂತರ ನಾಡಿನ ಭಂಡಾರಗಳ ಜವಾಬ್ದಾರಿಯನ್ನು ತಾವೇ ಕೇಳಿ ಪಡೆಯುತ್ತಾರೆ. ಅದಕ್ಕೆ ಅವರು ಕೊಟ್ಟ ಅರ್ಹತೆಗಳು ಎರಡೇ: ತಾನು ಕಾಪಾಡಬಲ್ಲವನು ಮತ್ತು ಆ ವಿಷಯವನ್ನು ತಿಳಿದವನು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವರು ಹೇಳಬಹುದಾಗಿದ್ದ ವಿಷಯಗಳು ಎಷ್ಟೋ ಇದ್ದವು. ಅವರ ತಂದೆ ಪ್ರವಾದಿ, ಅಜ್ಜ ಪ್ರವಾದಿ, ಮುತ್ತಜ್ಜ ಹಜ್ರತ್ ಇಬ್ರಾಹಿಂ(ಅ). ಅವರ ಸೌಂದರ್ಯ ನಗರದ ಮಾತಾಗಿತ್ತು. ಅವರ ಕಷ್ಟದ ಕಥೆ ಕಲ್ಲನ್ನೂ ಕರಗಿಸುವಂಥದ್ದು. ಇವು ಯಾವುದನ್ನೂ ಅವರು ಮುಂದೆ ಮಾಡಲಿಲ್ಲ. ಏಳು ವರ್ಷ ಸಮೃದ್ಧಿ, ನಂತರ ಏಳು ವರ್ಷ ಬರಗಾಲ ಬರಲಿತ್ತು. ಧಾನ್ಯವನ್ನು ಲೆಕ್ಕವಿಟ್ಟು ಕಾಪಾಡುವವನೊಬ್ಬ ರಾಜನಿಗೆ ಬೇಕಾಗಿತ್ತು. ಆ ಕೆಲಸಕ್ಕೆ ಬೇಕಾದ ಎರಡು ಗುಣಗಳನ್ನಷ್ಟೇ ಅವರು ಹೇಳಿದರು. ನಮ್ಮ ಹುಡುಗರು ಅಕೌಂಟೆಂಟ್ ಕೆಲಸಕ್ಕೂ ಸೇಲ್ಸ್ ಕೆಲಸಕ್ಕೂ ಒಂದೇ ಕಾಗದ ಕಳುಹಿಸುತ್ತಾರೆ. ಮನೆಯ ಕಷ್ಟವನ್ನೂ ಅದರಲ್ಲಿ ಬರೆಯುತ್ತಾರೆ. ಕೊಡುವವನಿಗೆ ಏನು ಬೇಕು ಎಂದು ಕೇಳಿಕೊಳ್ಳದಿರುವುದೇ ಮೊದಲನೆಯ ತಪ್ಪು.

ತಾರೀಖು ಸುಳ್ಳು ಹೇಳುವುದಿಲ್ಲ

ಬಗ್ದಾದಿನ ಹದೀಸ್ ವಿದ್ವಾಂಸ ಖತೀಬ್ ಬಗ್ದಾದಿಯವರು 1071ರಲ್ಲಿ ತೀರಿಕೊಂಡರು. ಬಗ್ದಾದಿಗೆ ಸಂಬಂಧಿಸಿದ ಏಳು ಸಾವಿರಕ್ಕೂ ಹೆಚ್ಚು ಜನರ ಜೀವನ ವಿವರಗಳನ್ನು ಬರೆದಿಟ್ಟವರು ಅವರು. ಹದೀಸ್ ವರದಿ ಮಾಡಿದವರು ಯಾರು, ಎಲ್ಲಿ ಹುಟ್ಟಿದರು, ಯಾರಿಂದ ಕಲಿತರು, ಯಾವಾಗ ಸತ್ತರು, ಮಾತಿನಲ್ಲಿ ಎಷ್ಟು ನಂಬಿಕಸ್ಥರು ಎಂದು ಪರೀಕ್ಷಿಸುವ ಒಂದು ಶಾಸ್ತ್ರವೇ ಮುಸ್ಲಿಮರಲ್ಲಿ ಬೆಳೆದಿತ್ತು. ಒಂದು ರೀತಿಯಲ್ಲಿ ಅದು ಲಕ್ಷಾಂತರ ಜನರ ಬಯೋಡಾಟಾಗಳನ್ನು ತಾಳೆ ನೋಡುವ ಶಾಸ್ತ್ರ.

ಅವರ ಕಾಲದಲ್ಲಿ ಖಲೀಫರ ವಜೀರನ ಬಳಿಗೆ ಒಂದು ಹಳೆಯ ಪತ್ರ ಬಂತು. ಖೈಬರಿನ ನಿವಾಸಿಗಳಿಗೆ ಪ್ರವಾದಿಯವರೇ(ಸ) ತೆರಿಗೆ ವಿನಾಯಿತಿ ಕೊಟ್ಟಿದ್ದರೆಂದು ಅದರಲ್ಲಿ ಬರೆದಿತ್ತು, ಕೆಳಗೆ ಸಹಾಬಿಗಳ ಸಾಕ್ಷಿಯೂ ಇತ್ತು. ವಜೀರ ಅದನ್ನು ಖತೀಬರಿಗೆ ತೋರಿಸಿದ. ಅವರು ನೋಡಿ, ಇದು ಖೋಟಾ ಎಂದರು. ಕಾರಣ ಕೇಳಿದಾಗ ಸಾಕ್ಷಿಗಳ ಹೆಸರುಗಳನ್ನು ತೋರಿಸಿದರು. ಒಬ್ಬರು ಹಜ್ರತ್ ಮುಆವಿಯಾ. ಅವರು ಇಸ್ಲಾಮ್ ಸ್ವೀಕರಿಸಿದ್ದು ಹಿಜರಿ 8ರಲ್ಲಿ, ಮಕ್ಕಾ ವಿಜಯದ ಸಮಯದಲ್ಲಿ. ಖೈಬರ್ ಆದದ್ದು ಹಿಜರಿ 7ರಲ್ಲಿ. ಇನ್ನೊಬ್ಬರು ಹಜ್ರತ್ ಸಅದ್ ಬಿನ್ ಮುಆಜ್. ಅವರು ಖಂದಕ್ ಯುದ್ಧದ ನಂತರ, ಹಿಜರಿ 5ರಲ್ಲೇ ತೀರಿಕೊಂಡಿದ್ದರು. ಎರಡು ವರ್ಷ ಹಿಂದೆ ತೀರಿಹೋದವರು ಸಾಕ್ಷಿ ಹಾಕುವುದು ಹೇಗೆ? ಅಲ್ಲಿಗೆ ಪತ್ರದ ಕಥೆ ಮುಗಿಯಿತು.

ಇಂದು ಕಂಪನಿಗಳಲ್ಲಿ ಅರ್ಜಿ ಪರಿಶೀಲಿಸುವವರು ಮಾಡುವುದೂ ಇದೇ ಕೆಲಸ. ಪಿಯುಸಿ ಮುಗಿದ ವರ್ಷ, ಡಿಗ್ರಿ ಮುಗಿದ ವರ್ಷ, ಕೆಲಸಕ್ಕೆ ಸೇರಿದ ತಿಂಗಳು ಇವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತಾರೆ. ರೆಗ್ಯುಲರ್ ಕಾಲೇಜಿನಲ್ಲಿ ಓದುತ್ತಿದ್ದ ವರ್ಷಗಳಲ್ಲೇ ಬೇರೆ ಊರಿನಲ್ಲಿ ಪೂರ್ಣಾವಧಿ ಕೆಲಸ ಮಾಡಿದ್ದಾಗಿ ಬರೆದವನು ಒಂದು ನಿಮಿಷದಲ್ಲಿ ಸಿಕ್ಕಿಬೀಳುತ್ತಾನೆ. ಓದು ಒಂದು ವರ್ಷ ನಿಂತಿದ್ದರೆ ನಿಂತಿತ್ತೆಂದೇ ಹೇಳಬೇಕು. ತಂದೆಯ ಕಾಯಿಲೆಗೆಂದು ಮನೆಯಲ್ಲಿದ್ದುದು, ಅಂಗಡಿ ನೋಡಿಕೊಂಡದ್ದು, ಸಪ್ಲಿಮೆಂಟರಿ ಕಟ್ಟಿದ್ದು ನಾಚಿಕೆಯ ವಿಷಯಗಳಲ್ಲ. ಮುಚ್ಚಲು ಹೋಗಿ ಸಿಕ್ಕಿಬೀಳುವುದು ನಾಚಿಕೆಯ ವಿಷಯ.

ಹುಟ್ಟಿದ ದಿನಾಂಕದ ತೊಂದರೆ ನಮ್ಮ ಜಿಲ್ಲೆಯಲ್ಲಿ ಬಹಳ. ಹಿಂದೆ ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರ ಇಲ್ಲದ ಮಕ್ಕಳಿಗೆ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಮುಂದೆ ಅದೇ ತಾರೀಖು ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಯಿತು. ಮನೆಯಲ್ಲಿ ಅಜ್ಜಿ ಹೇಳುವ ದಿನ ಬೇರೆ, ಅಂಕಪಟ್ಟಿಯ ದಿನ ಬೇರೆ. ಬಯೋಡಾಟಾದಲ್ಲಿ ಎಲ್ಲ ದಾಖಲೆಗಳಲ್ಲಿರುವ ಒಂದೇ ದಿನಾಂಕ ಇರಬೇಕು. ವ್ಯತ್ಯಾಸವಿದ್ದರೆ ಕೆಲಸ ಹುಡುಕುವ ಮೊದಲೇ ಅದನ್ನು ತಿದ್ದಿಸಿಕೊಳ್ಳಬೇಕು. ಜನನ ಮರಣ ನೋಂದಣಿ ಕಾಯ್ದೆ 1969ರದು. 2023ರ ತಿದ್ದುಪಡಿಯ ನಂತರ ಹುಟ್ಟುವ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆಯಾಗಿದೆ. ಪಾಲಕರು ಇದನ್ನು ಗಮನಿಸಬೇಕು.

ಹೊನ್ನಾವರ ಕಂಡ ಒಬ್ಬ ಉಮೇದುವಾರ

ಸುಮಾರು 1342ರ ನಂತರ ನಮ್ಮ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾನ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಈ ಪಟ್ಟಣದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವು, ಇಲ್ಲಿಯ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರು ಎಂದು ಅವನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಈ ಮಾತನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅವನು ಪ್ರವಾಸಿಯಾಗಿದ್ದಂತೆಯೇ ಕೆಲಸ ಹುಡುಕಿಕೊಂಡು ಬಂದ ವಿದೇಶಿ ವಿದ್ಯಾವಂತನೂ ಆಗಿದ್ದ ಎಂಬುದನ್ನು ನಾವು ಮರೆಯುತ್ತೇವೆ.

ಮೊರಾಕ್ಕೊದ ಟಾಂಜಿಯರ್‌ನಿಂದ ಹೊರಟ ಅವನು 1333ರಲ್ಲಿ ಸಿಂಧೂ ನದಿಯನ್ನು ತಲುಪಿ, ನಂತರ ದೆಹಲಿಗೆ ಬಂದ. ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಹೊರನಾಡಿನ ವಿದ್ವಾಂಸರಿಗೆ ಧಾರಾಳವಾಗಿ ಹುದ್ದೆ ಕೊಡುತ್ತಾನೆಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. ಸುಲ್ತಾನ ಅವನಿಗೆ ದೆಹಲಿಯ ಕಾಜಿ ಹುದ್ದೆಯನ್ನು, ವರ್ಷಕ್ಕೆ 12,000 ದೀನಾರ್ ಸಂಬಳವನ್ನು ಕೊಡಲು ಮುಂದಾದ. ಆಗ ಇಬ್ನ್ ಬತೂತಾ ಎರಡು ವಿಷಯಗಳನ್ನು ಮುಚ್ಚಿಡದೆ ಹೇಳಿದ. ತಾನು ಮಾಲಿಕೀ ಮಜ್‌ಹಬಿನವನು, ಇಲ್ಲಿಯ ಜನ ಹನಫಿಗಳು. ಜೊತೆಗೆ ತನಗೆ ಇಲ್ಲಿಯ ಭಾಷೆ ಬರುವುದಿಲ್ಲ ಎಂದ. ಕಾಜಿಯಾಗುವವನಿಗೆ ಇವು ಸಣ್ಣ ಕೊರತೆಗಳಲ್ಲ. ಸುಲ್ತಾನ ಹುದ್ದೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಬದಲಿಗೆ ಇಬ್ಬರು ಸಹಾಯಕರನ್ನು ನೇಮಿಸಿಕೊಟ್ಟ.

ನಮ್ಮ ಮಕ್ಕಳ ಬಯೋಡಾಟಾದಲ್ಲಿ 'ಗೊತ್ತಿರುವ ಭಾಷೆಗಳು' ಎಂಬ ಸಾಲು ಇರುತ್ತದೆ. ಕನ್ನಡ, ಉರ್ದು, ನವಾಯತಿ, ಹಿಂದಿ, ಇಂಗ್ಲಿಷ್, ಅರಬ್ಬಿ ಎಂದು ಆರು ಭಾಷೆ ಬರೆದಿರುತ್ತಾರೆ. ಇದು ಕರಾವಳಿಯ ಮಕ್ಕಳ ನಿಜವಾದ ಸಂಪತ್ತು. ಆದರೆ ಅರಬ್ಬಿಯನ್ನು ಕುರ್‌ಆನ್ ಪಾರಾಯಣದ ಮಟ್ಟಿಗೆ ಓದಬಲ್ಲವನು ಅರಬ್ಬಿ ಮಾತನಾಡಬಲ್ಲೆ ಎಂದು ಬರೆದರೆ ರಿಯಾದಿನ ಸಂದರ್ಶನದಲ್ಲಿ ಏನಾಗುತ್ತದೆ? ಓದಲು ಬರುತ್ತದೆ, ಮಾತು ಕಲಿಯುತ್ತಿದ್ದೇನೆ ಎಂದು ಬರೆಯುವುದೇ ಸರಿ. ಕಂಪ್ಯೂಟರಿನ ವಿಷಯದಲ್ಲೂ ಹೀಗೆಯೇ. ಟ್ಯಾಲಿ ತರಗತಿಗೆ ಹದಿನೈದು ದಿನ ಹೋದವನು ಪರಿಣತ ಎಂದು ಬರೆದುಕೊಳ್ಳಬಾರದು. ಕೊರತೆಯನ್ನು ಮೊದಲೇ ಹೇಳಿದವನಿಗೆ ಸಹಾಯ ಸಿಗುತ್ತದೆ. ಮುಚ್ಚಿಟ್ಟವನ ವಿಷಯದಲ್ಲಿ ಅನುಮಾನ ಹುಟ್ಟುತ್ತದೆ.

ಖಾಲಿ ಕಾಗದದ ಮೇಲಿನ ಮುದ್ರೆ

ಪತ್ರ ಬರೆಯುವ ಕಲೆಗೆ ಪಾರಸಿಯಲ್ಲಿ 'ಇನ್‌ಶಾ' ಎಂದು ಹೆಸರು. ನಮ್ಮ ಕರ್ನಾಟಕದಲ್ಲೇ ಅದರ ದೊಡ್ಡ ಗುರುವೊಬ್ಬರಿದ್ದರು. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬೀದರಿಗೆ ಬಂದು, ಬಹಮನಿ ರಾಜ್ಯದ ಪ್ರಧಾನಿಯಾಗಿ ಬೆಳೆದ ಖ್ವಾಜಾ ಮಹಮೂದ್ ಗಾವಾನ್. ಬೀದರಿನಲ್ಲಿ 1472ರ ಸುಮಾರಿಗೆ ಅವರು ಕಟ್ಟಿಸಿದ ಮದರಸಾದ ಅವಶೇಷಗಳನ್ನು ಇಂದಿಗೂ ನೋಡಬಹುದು. ಪತ್ರಲೇಖನದ ನಿಯಮಗಳ ಬಗ್ಗೆ 'ಮನಾಜಿರುಲ್ ಇನ್‌ಶಾ' ಎಂಬ ಗ್ರಂಥವನ್ನೂ ಅವರು ಬರೆದರು. ಅವರ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್‌ಶಾ'.

ಇಂಥ ಮನುಷ್ಯನ ಪ್ರಾಣ ಹೋದದ್ದು ಒಂದು ಪತ್ರದಿಂದ. ಅವರ ಏಳಿಗೆಯನ್ನು ಸಹಿಸದ ಆಸ್ಥಾನದ ವಿರೋಧಿಗಳು, ಅವರ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು, ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ನಂತರ ಅದರ ಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ದ್ರೋಹದ ಪತ್ರ ಬರೆದು ಸುಲ್ತಾನ ಮೂರನೆಯ ಮುಹಮ್ಮದ್ ಶಾಹನಿಗೆ ತೋರಿಸಿದರು. ಸುಲ್ತಾನ ಕೇಳಿದಾಗ, ಮುದ್ರೆ ತನ್ನದೇ, ಬರಹ ಮಾತ್ರ ತನ್ನದಲ್ಲ ಎಂದು ಗಾವಾನ್ ಹೇಳಿದರೆಂದು ಇತಿಹಾಸಕಾರರು ಬರೆಯುತ್ತಾರೆ. ಆ ಮಾತು ಅವರನ್ನು ಉಳಿಸಲಿಲ್ಲ. 1481ರ ಏಪ್ರಿಲಿನಲ್ಲಿ ಅವರ ತಲೆ ಕಡಿಯಲಾಯಿತು. ಸತ್ಯ ತಿಳಿದ ಸುಲ್ತಾನ ಪಶ್ಚಾತ್ತಾಪಪಟ್ಟ, ಆದರೆ ಕಾಲ ಮಿಂಚಿತ್ತು.

ವಿದ್ಯಾರ್ಥಿ ಮಿತ್ರರೇ, ಇದನ್ನು ಹಳೆಯ ಕಾಲದ ಕಥೆ ಎಂದು ಬಿಡಬೇಡಿ. ವಿದೇಶದ ಕೆಲಸಕ್ಕೆಂದು ಏಜೆಂಟರ ಬಳಿ ಹೋದ ನಮ್ಮ ಹುಡುಗರು ಖಾಲಿ ಅರ್ಜಿಗೆ ಸಹಿ ಹಾಕಿ, ಪಾಸ್‌ಪೋರ್ಟ್ ನಕಲು ಕೊಟ್ಟು ಬರುತ್ತಾರೆ. ಉಳಿದದ್ದನ್ನು ಏಜೆಂಟನೇ ತುಂಬುತ್ತಾನೆ. ಅನುಭವವೇ ಇಲ್ಲದವನಿಗೆ ಐದು ವರ್ಷದ ಅನುಭವ ಬರುತ್ತದೆ, ಎಂದೂ ನೋಡದ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಸರ್ಟಿಫಿಕೇಟು ಬರುತ್ತದೆ. ಅದು ಸಿಕ್ಕಿಬಿದ್ದ ದಿನ ಏಜೆಂಟ್ ಪಕ್ಕದಲ್ಲಿರುವುದಿಲ್ಲ. ಬರಹ ನನ್ನದಲ್ಲ ಎಂದು ಹೇಳಿದರೆ ಪರದೇಶದಲ್ಲಿ ಯಾರು ಕೇಳುತ್ತಾರೆ? ಖೋಟಾ ಪ್ರಮಾಣಪತ್ರ ಕೊಡುವುದು ನಮ್ಮ ದೇಶದಲ್ಲೂ ಗಲ್ಫ್ ದೇಶಗಳಲ್ಲೂ ಶಿಕ್ಷಾರ್ಹ ಅಪರಾಧ. ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ತುಂಬಿದ ಅರ್ಜಿಯ ಒಂದು ಪ್ರತಿ ನಮ್ಮ ಬಳಿ ಇರಬೇಕು.

ಲಿಯೊನಾರ್ಡೊನ ಹತ್ತು ಅಂಶಗಳು

ಗಾವಾನ್ ತೀರಿಕೊಂಡ ಮರುವರ್ಷದ ಸುಮಾರಿಗೆ, ದೂರದ ಇಟಲಿಯಲ್ಲಿ ಮೂವತ್ತರ ಪ್ರಾಯದ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಬರೆದ ಕೆಲಸದ ಅರ್ಜಿಯ ಕರಡು ಇಂದಿಗೂ ಉಳಿದಿದೆ. ಇದನ್ನು ಜಗತ್ತಿನ ಮೊದಲ ರೆಸ್ಯೂಮೆ ಎಂದು ಹಲವರು ಕರೆಯುತ್ತಾರೆ. ಅದರಲ್ಲಿ ಹತ್ತು ಅಂಶಗಳಿವೆ. ಹಗುರವಾದ ಸೇತುವೆ ಕಟ್ಟುವುದು, ಕೋಟೆಯ ಕಂದಕದ ನೀರು ತೆಗೆಯುವುದು, ಫಿರಂಗಿ, ಮುಚ್ಚಿದ ಯುದ್ಧರಥ ಹೀಗೆ ಮೊದಲ ಒಂಬತ್ತು ಅಂಶಗಳೂ ಯುದ್ಧದ ಕೆಲಸಗಳೇ. ಶಾಂತಿಕಾಲದಲ್ಲಿ ಕಟ್ಟಡ, ಶಿಲ್ಪ ಮತ್ತು ಚಿತ್ರದ ಕೆಲಸವನ್ನೂ ಮಾಡಬಲ್ಲೆ ಎಂಬ ಮಾತು ಬರುವುದು ಹತ್ತನೆಯದರಲ್ಲಿ. ಜಗತ್ತು ಇಂದು ಅವನನ್ನು ನೆನೆಯುವುದು ಚಿತ್ರಗಳಿಗಾಗಿ. ಆದರೆ ಯುದ್ಧದ ಭಯದಲ್ಲಿದ್ದ ದೊರೆಗೆ ಮೊದಲು ಬೇಕಾದದ್ದು ಯಾವುದೆಂದು ಅವನು ತಿಳಿದಿದ್ದ.

ಎಲ್ಲವನ್ನೂ ಬರೆಯುವುದು ಬಯೋಡಾಟಾ ಅಲ್ಲ. 'ರೆಸ್ಯೂಮೆ' ಎಂಬ ಫ್ರೆಂಚ್ ಪದಕ್ಕೆ ಸಾರಾಂಶ ಎಂದೇ ಅರ್ಥ. ಹೊಸದಾಗಿ ಓದು ಮುಗಿಸಿದವರಿಗೆ ಒಂದು ಪುಟ, ಹೆಚ್ಚೆಂದರೆ ಎರಡು ಪುಟ ಸಾಕು. ನಾಲ್ಕನೇ ತರಗತಿಯ ಓಟದ ಬಹುಮಾನವನ್ನು ಬಿಟ್ಟು, ಕೆಲಸಕ್ಕೆ ಸಂಬಂಧಪಟ್ಟದ್ದನ್ನು ಮೇಲೆ ತರಬೇಕು.

ಚೀಟಿ, ಟೈಪಿಸ್ಟ್ ಮತ್ತು ನನ್ನದೊಂದು ತಪ್ಪು

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಗ ಕುಮಟಾ ದೊಡ್ಡ ಹತ್ತಿ ಬಂದರು. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಘಟ್ಟ ಇಳಿದು ಇಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ 'ಕೂಂಪ್ಟಾ' ಎಂದು ಹೆಸರು. ನಮ್ಮ ಹೊನ್ನಾವರ ಇಬ್ನ್ ಬತೂತಾನಿಗೆ 'ಹಿನೌರ್', ಇಂಗ್ಲಿಷರಿಗೆ 'ಓನೋರ್'. ಭಟ್ಕಳ ಪೋರ್ಚುಗೀಸರಿಗೆ 'ಬಾಟಿಕಾಲ'. ಬರೆಯುವವನ ಕಿವಿಗೆ ಕೇಳಿದಂತೆ ಊರಿನ ಹೆಸರು ಬದಲಾಗುತ್ತಾ ಬಂತು. ಊರು ಇದ್ದಲ್ಲೇ ಇತ್ತು, ಆದ್ದರಿಂದ ತೊಂದರೆಯಾಗಲಿಲ್ಲ. ಮನುಷ್ಯನ ಹೆಸರು ಹೀಗಾದರೆ ಮಾತ್ರ ಅವನು ಬೇರೆ ಮನುಷ್ಯನಾಗಿಬಿಡುತ್ತಾನೆ. ಇದನ್ನು ಮುಂದೆ ನೋಡೋಣ.

ಆ ಕಾಲದಲ್ಲಿ ಸಾಹೇಬರ ಮನೆಯ ಕೆಲಸದವರು ಹಳೆಯ ಯಜಮಾನ ಬರೆದುಕೊಟ್ಟ 'ಚೀಟಿ'ಯನ್ನು ಜೋಪಾನವಾಗಿ ಇಟ್ಟುಕೊಂಡು ಹೊಸ ಮನೆಯಲ್ಲಿ ತೋರಿಸುತ್ತಿದ್ದರು. ನಮ್ಮ ದೇಶದ ಈ ಪದ ಇಂಗ್ಲಿಷಿಗೂ 'ಚಿಟ್' ಎಂದು ಹೋಗಿದೆ. ಚೀಟಿಗಳನ್ನು ಒಬ್ಬರಿಂದ ಒಬ್ಬರು ಎರವಲು ಪಡೆದು ತೋರಿಸುವ ಅಭ್ಯಾಸವೂ ಇತ್ತು. ಇಂಗ್ಲಿಷ್ ಓದಲು ಬಾರದೆ, ತಮ್ಮನ್ನೇ ಬೈದು ಬರೆದ ಚೀಟಿಯನ್ನು ಹೆಮ್ಮೆಯಿಂದ ತೋರಿಸಿದವರ ಕಥೆಗಳನ್ನು ಆ ಕಾಲದವರು ನಗುತ್ತಾ ಹೇಳುತ್ತಿದ್ದರು. ಇದರಲ್ಲಿ ನಗುವುದಕ್ಕಿಂತ ಮರುಗುವುದು ಹೆಚ್ಚು. ತನ್ನ ಬಗ್ಗೆ ಏನು ಬರೆದಿದೆ ಎಂದು ತಾನೇ ಓದಲಾರದ ಸ್ಥಿತಿ ಅದು. ಇಂದು ಅರ್ಥವಾಗದ ಇಂಗ್ಲಿಷ್ ವಾಕ್ಯಗಳನ್ನು ತಮ್ಮ ಹೆಸರಿನ ಕೆಳಗೆ ಹಾಕಿಕೊಳ್ಳುವ ಪದವೀಧರರ ಸ್ಥಿತಿ ಅದಕ್ಕಿಂತ ಎಷ್ಟು ಭಿನ್ನ?

ನಂತರ ಟೈಪ್‌ರೈಟರ್ ಕಾಲ ಬಂತು, ಆಮೇಲೆ ಕಂಪ್ಯೂಟರ್ ಸೆಂಟರುಗಳು. ಅಲ್ಲಿ ಒಂದು ಮಾದರಿ ಇಟ್ಟುಕೊಂಡು, ಹೆಸರು ಬದಲಿಸಿ ಎಲ್ಲರಿಗೂ ಅದನ್ನೇ ತೆಗೆದುಕೊಡುತ್ತಿದ್ದರು. ಬಿ.ಎಡ್. ಮುಗಿಸಿದ ಹೊಸದರಲ್ಲಿ ನಾನೂ ಹೀಗೆ ಗೆಳೆಯನ ಬಯೋಡಾಟಾವನ್ನು ನಕಲು ಮಾಡಿ ಒಂದು ಶಾಲೆಗೆ ಕೊಟ್ಟೆ. ಮೇಲೆ ನನ್ನ ಹೆಸರು ಹಾಕಿದ್ದೆ. ಕೊನೆಯ ಘೋಷಣೆಯಲ್ಲಿ ಗೆಳೆಯನ ಹೆಸರು ಹಾಗೆಯೇ ಉಳಿದಿತ್ತು. ಅಲ್ಲಿಯ ಹಿರಿಯರು ಕಾಗದವನ್ನು ನನ್ನ ಕಡೆ ತಿರುಗಿಸಿ, "ಇವರಲ್ಲಿ ನೀವು ಯಾರು ಮಾಸ್ತರೇ?" ಎಂದು ಕೇಳಿದರು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಕೆಲಸವೂ ಸಿಗಲಿಲ್ಲ. ಮಕ್ಕಳ ಉತ್ತರ ಪತ್ರಿಕೆಯಲ್ಲಿ ನಕಲು ಹಿಡಿಯುವ ಕೆಲಸಕ್ಕೆ ಹೊರಟವನು ನಾನೇ ನಕಲು ಮಾಡಿ ಸಿಕ್ಕಿಬಿದ್ದಿದ್ದೆ. ಈಗ ಮೊಬೈಲಿನಲ್ಲೇ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಬಯೋಡಾಟಾ ಬರೆದುಕೊಡುತ್ತದೆ. ಸಹಾಯ ಪಡೆಯುವುದು ತಪ್ಪಲ್ಲ. ಆದರೆ ಅದು ನಮ್ಮಲ್ಲಿಲ್ಲದ ಗುಣಗಳನ್ನೂ ಸೇರಿಸಬಹುದು. ಪ್ರತಿ ಸಾಲನ್ನೂ ಓದಿ, ಇದು ನಾನೇ ಹೌದೇ ಎಂದು ಕೇಳಿಕೊಳ್ಳಬೇಕು.

ಮನೆತನದ ಜಾಮೀನಿನಿಂದ ಕಾಗದದ ಜಾಮೀನಿಗೆ

ಭಟ್ಕಳದ ಹಿರಿಯರಿಗೆ ಬಯೋಡಾಟಾ ಬೇಕಾಗಿರಲಿಲ್ಲ. ಮುಂಬಯಿ, ಮದ್ರಾಸ್, ಕಲ್ಕತ್ತಾಗಳಲ್ಲಿ ಅಂಗಡಿ ಇಟ್ಟಿದ್ದ ನಮ್ಮವರು ಊರಿನಿಂದ ಹುಡುಗರನ್ನು ಕರೆಸಿಕೊಳ್ಳುತ್ತಿದ್ದರು. ಇಂಥವರ ಮಗ, ಇಂಥ ಮನೆಯವನು ಎಂದರೆ ಸಾಕಿತ್ತು. ಹುಡುಗ ತಪ್ಪಿದರೆ ಮನೆತನದ ಮಾನ ಹೋಗುತ್ತಿತ್ತು. ಆದ್ದರಿಂದ ಮನೆತನವೇ ಜಾಮೀನು. 1973ರಲ್ಲಿ ತೈಲದ ಬೆಲೆ ಒಮ್ಮೆಲೇ ಏರಿ ಗಲ್ಫ್ ದೇಶಗಳಲ್ಲಿ ಕೆಲಸಗಳು ಹೆಚ್ಚಿದಾಗಲೂ, ಮೊದಲು ಹೋದವರು ತಮ್ಮವರಿಗೆ ವೀಸಾ ಕಳುಹಿಸುವ ಮೂಲಕ ಈ ಪದ್ಧತಿಯೇ ಮುಂದುವರಿಯಿತು.

ಆದರೆ ನಿಧಾನವಾಗಿ ಕಾಗದದ ಮಹತ್ವ ಹೆಚ್ಚಿತು. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಕೆಲವು ದೇಶಗಳಿಗೆ ದುಡಿಯಲು ಹೋಗುವವರಿಗೆ ಸರಕಾರದ ಅನುಮತಿ ಬೇಕಾಯಿತು. ಹತ್ತನೇ ತರಗತಿ ಪಾಸಾದವರಿಗೆ ಆ ತಡೆ ಇಲ್ಲದಂತಾಯಿತು. ಹೀಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಬರೇ ಓದಿನ ದಾಖಲೆಯಾಗಿ ಉಳಿಯದೆ ಪ್ರಯಾಣದ ದಾಖಲೆಯೂ ಆಯಿತು. ದಾಖಲೆಗಳಿಗೆ ಅಂತರರಾಷ್ಟ್ರೀಯ ಮಾನ್ಯತೆ ಕೊಡುವ ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ 2005ರ ಜುಲೈಯಲ್ಲಿ, ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಇಂದು ಕೆಲಸ ಕೊಡುವವನಿಗೆ ನಮ್ಮ ಮನೆತನ ಗೊತ್ತಿಲ್ಲ. ಅವನ ಮೇಜಿನ ಮೇಲೆ ನಮ್ಮ ಪರವಾಗಿ ನಿಲ್ಲುವುದು ಆ ಒಂದೆರಡು ಪುಟಗಳು ಮಾತ್ರ.

ಇಲ್ಲಿ ಹೆಸರಿನ ಕಾಗುಣಿತದ ಮಾತು ಬರುತ್ತದೆ. ಪ್ರವಾದಿಯವರ(ಸ) ಹೆಸರನ್ನೇ ನಾವು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯುತ್ತೇವೆ! ಅಂಕಪಟ್ಟಿಯಲ್ಲಿ ನಾಲ್ಕು ಅಕ್ಷರಗಳ ಸಂಕ್ಷಿಪ್ತ ರೂಪ, ಪಾಸ್‌ಪೋರ್ಟಿನಲ್ಲಿ ಪೂರ್ಣ ರೂಪ, ಆಧಾರ್ ಕಾರ್ಡಿನಲ್ಲಿ ಮೂರನೆಯದು. ತಂದೆಯ ಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ಹುಡುಗಿಯರ ಹೆಸರಿನ ಮುಂದೆ 'ಬೀಬಿ' ಒಂದರಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. 2022ರ ನವೆಂಬರಿನಲ್ಲಿ ಯು.ಎ.ಇ., ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಪ್ರಕಟಿಸಿದಾಗ ಎಷ್ಟೋ ಮಂದಿ ಗಾಬರಿಯಾದರು. ಪಾಸ್‌ಪೋರ್ಟಿನಲ್ಲಿರುವಂತೆಯೇ ಎಲ್ಲ ಕಡೆ ಹೆಸರು ಇರಬೇಕು ಎಂಬುದು ಒಂದು ಸಣ್ಣ ನಿಯಮ. ಇದನ್ನು ಎಂಟನೇ ತರಗತಿಯಲ್ಲೇ, ಎಸ್.ಎಸ್.ಎಲ್.ಸಿ. ಅರ್ಜಿ ತುಂಬುವ ಮೊದಲೇ ಪಾಲಕರು ಮತ್ತು ಶಿಕ್ಷಕರು ನೋಡಿಕೊಂಡರೆ ಮುಂದಿನ ಎಷ್ಟೋ ಓಡಾಟ ತಪ್ಪುತ್ತದೆ. ಈ ವಿಷಯದಲ್ಲಿ ಶಿಕ್ಷಕರಾದ ನಮ್ಮ ಪಾಲೂ ಇದೆ.

ಹೆಸರೇ ತೊಡಕಾದಾಗ

ಒಂದು ಕಹಿ ಸತ್ಯವನ್ನೂ ಹೇಳಲೇಬೇಕು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬ ವಿದ್ವಾಂಸರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿ ನೋಡಿದ್ದರು. ಅರ್ಹತೆ ಸಮಾನವಾಗಿತ್ತು, ಹೆಸರುಗಳು ಮಾತ್ರ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿನ ಅರ್ಜಿಗೆ ಸುಮಾರು ಮೂರನೇ ಒಂದರಷ್ಟು ಎಂದು ಕಂಡುಬಂತು. ಅಮೆರಿಕದ ಬೋಸ್ಟನ್ ಮತ್ತು ಶಿಕಾಗೋಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಥದೇ ಅಧ್ಯಯನದಲ್ಲಿ ಬಿಳಿಯರ ಹೆಸರಿಗೆ ಕರಿಯರ ಹೆಸರಿಗಿಂತ ಶೇಕಡಾ 50ರಷ್ಟು ಹೆಚ್ಚು ಕರೆಗಳು ಬಂದಿದ್ದವು. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ಐ.ಎ.ಎಸ್. ಅಧಿಕಾರಿಗಳಲ್ಲಿ ಮುಸ್ಲಿಮರು ಶೇಕಡಾ 3 ಮಾತ್ರ.

ಇದಲ್ಲದೆ, ವಿಳಾಸದಲ್ಲಿ ಭಟ್ಕಳ ಎಂದು ಬರೆಯಲು ಹಿಂಜರಿದು ಬರೇ ಉತ್ತರ ಕನ್ನಡ ಎಂದು ಬರೆದ ಹುಡುಗರನ್ನೂ ನಾನು ನೋಡಿದ್ದೇನೆ. ಯಾರೋ ಕೆಲವರ ಹೆಸರಿನ ಜೊತೆ ಪತ್ರಿಕೆಗಳಲ್ಲಿ ಊರಿನ ಹೆಸರು ಸೇರಿಕೊಂಡದ್ದಕ್ಕೆ ಓದಿದ ಮಕ್ಕಳು ಬೆಲೆ ತೆರಬೇಕಾಗಿದೆ. ಅವರಿಗೆ ನಾನು ಹೇಳುವುದು ಒಂದೇ ಮಾತು. ಊರಿನ ಹೆಸರನ್ನು ಪೂರ್ತಿ ಬರೆಯಿರಿ. 1919ರಿಂದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ವಿದ್ಯೆ ಹಂಚುತ್ತಿರುವ ಊರು ಇದು. ನೆರೆಯ ಹೊನ್ನಾವರದಲ್ಲಿ ಆರೂವರೆ ಶತಮಾನಗಳ ಹಿಂದೆಯೇ ಹುಡುಗಿಯರ ಶಾಲೆಗಳಿದ್ದವು. ಮುಚ್ಚಿಡುವಂಥದ್ದು ಇಲ್ಲಿ ಏನೂ ಇಲ್ಲ.

ಭೇದಭಾವ ಅನ್ಯಾಯ. ಅದನ್ನು ಪ್ರಶ್ನಿಸುವುದು ಸಮಾಜದ, ಕಾನೂನಿನ ಕೆಲಸ. ಆದರೆ ನಮ್ಮ ಹೆಸರು ನೋಡಿ ಕಾಗದವನ್ನು ಬದಿಗಿಡಲು ನೆಪ ಹುಡುಕುವವನಿಗೆ, ಕಾಗುಣಿತದ ತಪ್ಪನ್ನೋ ಕೂಡದ ತಾರೀಖನ್ನೋ ನಾವೇ ನೆಪವಾಗಿ ಕೊಡಬಾರದು. ಇತರರು ಒಮ್ಮೆ ಓದಿ ಕಳುಹಿಸಿದರೆ ನಮ್ಮ ಮಕ್ಕಳು ಮೂರು ಸಲ ಓದಿ ಕಳುಹಿಸಬೇಕು. ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲ. ಆದರೆ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಇಷ್ಟು.

ನೆನಪಿಡಬೇಕಾದ ಅಂಶಗಳು

1. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇರಲಿ.

2. ಪ್ರತಿ ಕೆಲಸಕ್ಕೂ ಜಾಹೀರಾತನ್ನು ಓದಿ, ಅದಕ್ಕೆ ತಕ್ಕಂತೆ ಬಯೋಡಾಟಾ ಬದಲಿಸಿ. ಒಂದೆರಡು ಪುಟ ಮೀರಬೇಡಿ.

3. ವರ್ಷಗಳನ್ನು ತಾಳೆ ನೋಡಿ. ಮಧ್ಯೆ ಬಿಟ್ಟುಹೋದ ಕಾಲವಿದ್ದರೆ ಕಾರಣ ಹೇಳಲು ಸಿದ್ಧರಿರಿ.

4. ಗೊತ್ತಿಲ್ಲದ ಭಾಷೆ, ಕಲಿಯದ ಕೆಲಸ, ಇಲ್ಲದ ಅನುಭವ ಬರೆಯಬೇಡಿ.

5. ಅರ್ಥವಾಗದ ಒಂದು ವಾಕ್ಯವೂ ಇರಬಾರದು. ಕೇಳಿದರೆ ವಿವರಿಸಲು ಬರುವುದನ್ನೇ ಬರೆಯಿರಿ.

6. ಫೋನ್ ನಂಬರ್ ಮತ್ತು ಇಮೇಲ್ ಚಾಲ್ತಿಯಲ್ಲಿರಲಿ. ಗೆಳೆಯರು ತಮಾಷೆಗೆ ಇಟ್ಟ ಹೆಸರಿನ ಇಮೇಲ್ ಬೇಡ.

7. ದೊಡ್ಡ ಕಂಪನಿಗಳಲ್ಲಿ ಮೊದಲು ಕಂಪ್ಯೂಟರೇ ಅರ್ಜಿ ವಿಂಗಡಿಸುವುದುಂಟು. ಬಣ್ಣ, ಚೌಕಟ್ಟು, ಚಿತ್ರಗಳ ಅಲಂಕಾರ ಕಡಿಮೆಯಿರಲಿ.

8. ಖಾಲಿ ಅರ್ಜಿಗೆ ಸಹಿ ಹಾಕಬೇಡಿ. ಕಳುಹಿಸುವ ಮೊದಲು ತಿಳಿದವರೊಬ್ಬರಿಂದ ಓದಿಸಿ.

ಹಜ್ರತ್ ಯೂಸುಫ್(ಅ)ರು ಹೇಳಿದ ಎರಡು ಗುಣಗಳಲ್ಲಿ ತಿಳಿವಳಿಕೆಯನ್ನು ಶಾಲೆ ಕಾಲೇಜುಗಳು ಕೊಡಬಲ್ಲವು. ಕಾಪಾಡುವ ಗುಣ, ಅಂದರೆ ಅಮಾನತ್, ನಮ್ಮೊಳಗಿನಿಂದ ಬರಬೇಕು. ಯಾರೂ ನೋಡದಿರುವಾಗ ನಮ್ಮ ಬಗ್ಗೆ ನಾವೇ ಬರೆದುಕೊಳ್ಳುವ ಆ ಒಂದು ಪುಟದಲ್ಲಿ ಅದರ ಮೊದಲ ಪರೀಕ್ಷೆ ನಡೆಯುತ್ತದೆ. ಮುಂದಿನ ವರ್ಷ ಶಾಲೆಗೆ ಬರುವ ಹಳೆಯ ವಿದ್ಯಾರ್ಥಿಗಳು ಮಿಠಾಯಿ ತಂದರೆ ಸಂತೋಷ. ಬಯೋಡಾಟಾ ತಂದರೆ ಕೆಂಪು ಪೆನ್ನು ಹಿಡಿದು ಕೂರಲು ನಾನು ಸಿದ್ಧ. ನಮ್ಮ ಮಕ್ಕಳ ಸಹಿ ನಿಜಕ್ಕೂ ಸಹೀಹ್ ಆಗಿರಲಿ ಎಂದು ಅಲ್ಲಾಹನಲ್ಲಿ ಪ್ರಾರ್ಥಿಸುತ್ತೇನೆ.